ತೆರೆಯ ಮೇಲಣ ದೈತ್ಯನೂ ತಾಳ್ಮೆಯ ಪಾಠವೂ

ನಮ್ಮ ಸಂಘದ ವಾರ್ಷಿಕ ಸಂಚಿಕೆಗೆ ಮುಖ್ಯೋಪಾಧ್ಯಾಯನು ಬರೆಯತಕ್ಕ ಲೇಖನವೆಂದರೆ ಅದು ಶಿಸ್ತನ್ನು ಕುರಿತೋ ಮಾತೃಭಾಷೆಯ ಹಿರಿಮೆಯನ್ನು ಕುರಿತೋ ಇರುವುದೆಂದು ವಾಚಕರು ಎಣಿಸುವುದು ಸಹಜ. ಈ ಸಲವೂ ಅಂಥದೊಂದನ್ನು ಬರೆಯಲೆಂದೇ ನಾನು ಕುಳಿತಿದ್ದೆನು. ಆದರೆ ಕಳೆದ ಯುಗಾದಿಯ ಸಮಯದಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನನ್ನ ಲೇಖನಿಯನ್ನು ಬೇರೊಂದು ದಾರಿಗೆ ಎಳೆಯಿತು. ಮಕ್ಕಳು ಮೊಬೈಲಿನಲ್ಲಿ ಆಡುವ ಕಾಳಗದ ಆಟಗಳನ್ನೂ, ಆ ಆಟಗಳಲ್ಲಿ ಅವರನ್ನು ಹತ್ತಾರು ಸಲ ನೆಲಕ್ಕೆ ಕೆಡವುವ ದೈತ್ಯರನ್ನೂ, ಅಂಥವರನ್ನು ಗೆಲ್ಲಲು ಬೇಕಾದ ತಾಳ್ಮೆಯನ್ನೂ ಕುರಿತು ಬರೆಯುತ್ತೇನೆಂದರೆ ಹಿರಿಯರು ಹುಬ್ಬೇರಿಸಬಹುದು. ಅವರು ಕೊನೆಯವರೆಗೆ ಓದಿ ಆಮೇಲೆ ತೀರ್ಪು ಕೊಡಬೇಕೆಂದು ಬೇಡಿಕೊಳ್ಳುತ್ತೇನೆ.

ನಂದವರಂ, ಕೋಸಿಗಿ, ಕೌತಾಳಂ, ಆದವಾನಿ ಈ ಸುತ್ತಿನ ಬಡ ಕುಟುಂಬಗಳ ಸ್ಥಿತಿ ನಮ್ಮ ವಾಚಕರಿಗೆ ತಿಳಿದೇ ಇದೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳನ್ನೂ ಕಟ್ಟಿಕೊಂಡು, ಮೆಣಸಿನಕಾಯಿ ಬಿಡಿಸುವ ಕೂಲಿಗೆಂದು ಗುಂಟೂರು ಸೀಮೆಗೆ ಹೋಗುತ್ತಾರೆ. ಎಂಟನೆಯ ತರಗತಿಯ ಒಬ್ಬ ಹುಡುಗನು ಹೀಗೆಯೇ ಸಂಕ್ರಾಂತಿಯ ತರುವಾಯ ಹೋದವನು ಯುಗಾದಿಗೆ ಮರಳಿ ಬಂದನು. ವಾರ್ಷಿಕ ಪರೀಕ್ಷೆಗೆ ಇನ್ನು ಕೆಲವೇ ವಾರಗಳಿದ್ದವು. ನಾನು ಕಪ್ಪುಹಲಗೆಯ ಮೇಲೆ ಮೂರನೆಯ ಎರಡು ಭಾಗಕ್ಕೆ ನಾಲ್ಕನೆಯ ಮೂರು ಭಾಗವನ್ನು ಕೂಡಿಸುವ ಲೆಕ್ಕ ಬರೆದು ಅವನನ್ನು ಕರೆದೆನು. ಅವನು ಮೇಲಿನ ಅಂಕಿಗಳನ್ನು ಮೇಲೆ, ಕೆಳಗಿನ ಅಂಕಿಗಳನ್ನು ಕೆಳಗೆ ಕೂಡಿಸಿ ಏಳನೆಯ ಐದು ಭಾಗ ಎಂದು ಬರೆದನು. ತರಗತಿ ನಕ್ಕಿತು. ಅವನು ಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟು, “ನನಗ ಬರೋದಿಲ್ರಿ ಸಾರ್, ಮುಂದಿನ ವರ್ಷ ನಾನು ಸಾಲಿಗೆ ಬರೋದೂ ಇಲ್ಲ” ಎಂದು ಹೇಳಿ ಹೋಗಿ ಕುಳಿತನು.

ಅದೇ ಸಂಜೆ ನಾನು ಮನೆಗೆ ಹೋಗುವಾಗ ಆ ಹುಡುಗನು ಬೇವಿನ ಮರದ ಕಟ್ಟೆಯ ಮೇಲೆ ಗಾಜು ಸೀಳಿದ ಮೊಬೈಲೊಂದನ್ನು ಹಿಡಿದು, ಉಸಿರು ಬಿಗಿಹಿಡಿದು ಕುಳಿತಿದ್ದನು. ನನ್ನನ್ನು ಕಂಡು ಬೆದರಿ ಎದ್ದನು. ನಾನು ಗದರಿಸದೆ ಪಕ್ಕದಲ್ಲಿ ಕುಳಿತು, ಏನು ನಡೆದಿದೆಯೆಂದು ಕೇಳಿದೆನು. ಒಬ್ಬ ಶತ್ರುವು ಬಾಗಿಲು ಕಾಯುತ್ತಾನೆಂದೂ, ಅವನನ್ನು ಗೆಲ್ಲದೆ ಮುಂದಿನ ಪ್ರಾಂತಕ್ಕೆ ದಾರಿಯಿಲ್ಲವೆಂದೂ ಹೇಳಿದನು. “ಎಷ್ಟು ಸಲ ಸೋತಿದ್ದೀ?” ಎಂದೆನು. “ಮೂವತ್ತು ಸಲ ಆಗಿರಬೇಕ್ರಿ ಸಾರ್. ಆದರ ಇವತ್ತು ಅರ್ಧ ತನಕ ಬಂದೀನಿ” ಎಂದನು. ಆ ಉತ್ತರ ನನ್ನನ್ನು ಆ ರಾತ್ರಿ ನಿದ್ದೆಗೆಡಿಸಿತು. ಒಂದೇ ಒಂದು ಲೆಕ್ಕದಲ್ಲಿ ಸೋತು ಶಾಲೆಯನ್ನೇ ಬಿಡಲು ಹೊರಟವನು ಮೂವತ್ತು ಸೋಲುಗಳನ್ನು ನಗುತ್ತ ಹೇಗೆ ಹೊತ್ತನು? ತಾಳ್ಮೆಯಿಲ್ಲದ ಹುಡುಗನೆಂದು ಅವನನ್ನು ಕರೆಯಲು ನನಗೆ ಇನ್ನು ಅಧಿಕಾರವಿರಲಿಲ್ಲ. ಅವನ ತಾಳ್ಮೆ ನಮ್ಮ ಶಾಲೆಯೊಳಗೆ ಬರಲು ಏಕೆ ಹೆದರುತ್ತದೆ ಎಂಬುದೇ ಪ್ರಶ್ನೆಯಾಯಿತು.

ಮೊದಲು ಈ ಆಟದ ಸ್ವರೂಪವನ್ನು ತಿಳಿಯೋಣ. ಹುಡುಗನು ಆಡುತ್ತಿದ್ದುದು ನೆಕ್ಕಿ ಎಂಬ ಸಂಸ್ಥೆಯು 2014ರಲ್ಲಿ ಮೊಬೈಲುಗಳಿಗೆ ತಂದ ‘ಶ್ಯಾಡೋ ಫೈಟ್ 2’ ಎಂಬ ಆಟ. ಅದರಲ್ಲಿ ಆಟಗಾರನೂ ಎದುರಾಳಿಯೂ ತೊಗಲುಗೊಂಬೆಗಳ ನೆರಳಿನಂತೆ ಕಪ್ಪು ಆಕೃತಿಗಳಾಗಿ ಕಾದಾಡುತ್ತಾರೆ. ಒಂದೊಂದು ಪ್ರಾಂತಕ್ಕೂ ಒಬ್ಬೊಬ್ಬ ಒಡೆಯನಿದ್ದಾನೆ. ಅವನಿಗಿಂತ ಮೊದಲು ಅವನ ಐವರು ಅಂಗರಕ್ಷಕರನ್ನು ಸೋಲಿಸಬೇಕು. ಮೊದಲನೆಯ ಒಡೆಯನಾದ ಲಿಂಕ್ಸ್ ಎಂಬವನು ಕೈಗೆ ಉಕ್ಕಿನ ಉಗುರುಗಳನ್ನು ತೊಟ್ಟಿರುತ್ತಾನೆ ಮತ್ತು ಹೊಗೆಯೆಬ್ಬಿಸಿ ಕಣ್ಮರೆಯಾಗಬಲ್ಲನು. ಇಂಥ ಮುಖ್ಯ ಶತ್ರುವನ್ನು ಆಟಗಾರರು ಜಗತ್ತಿನಾದ್ಯಂತ ‘ಬಾಸ್’ ಎಂದು ಕರೆಯುತ್ತಾರೆ. ಕೋಟೆಯ ಹೆಬ್ಬಾಗಿಲ ಕಾವಲುಗಾರನೆಂದರೆ ನಮ್ಮ ಹಿರಿಯರಿಗೆ ಅರ್ಥವಾದೀತು.

ಈ ಬಾಸ್‌ನ ಹುಟ್ಟು ಉಪಾಧ್ಯಾಯರಾದ ನಮಗೆ ವಿಶೇಷ ಸ್ವಾರಸ್ಯದ್ದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಕಲಿಸುವುದಕ್ಕಾಗಿಯೇ ‘ಪ್ಲೇಟೊ’ ಎಂಬ ಗಣಕಯಂತ್ರದ ವ್ಯವಸ್ಥೆಯೊಂದನ್ನು ಕಟ್ಟಿದ್ದರು. 1975ರ ಸುಮಾರಿಗೆ ವಿದ್ಯಾರ್ಥಿಗಳು ಅದೇ ಯಂತ್ರದ ಮೇಲೆ ‘ಡಿಎನ್‌ಡಿ’ ಎಂಬ ಆಟವನ್ನು ರಚಿಸಿ, ಅದರ ಕೊನೆಯಲ್ಲಿ ನಿಧಿಯನ್ನು ಕಾಯುವ ಚಿನ್ನದ ಬಣ್ಣದ ಡ್ರ್ಯಾಗನ್ ಒಂದನ್ನು ನಿಲ್ಲಿಸಿದರು. ಇಂಥ ಶತ್ರುವಿನ ಮೊದಲ ಉದಾಹರಣೆಗಳಲ್ಲಿ ಅದೊಂದೆಂದು ಎಣಿಸಲಾಗಿದೆ. ಹೀಗೆ ಬಾಸ್ ಹುಟ್ಟಿದ್ದು ಪಾಠಶಾಲೆಯ ಯಂತ್ರದಲ್ಲಿಯೇ! ತರುವಾಯ 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ‘ಸೂಪರ್ ಮಾರಿಯೋ ಬ್ರದರ್ಸ್’ ಬಂದಿತು. ಅದರಲ್ಲಿ ಬೌಸರ್ ಎಂಬ ದೈತ್ಯನು ಸೇತುವೆಯ ಮೇಲೆ ನಿಂತು ಬೆಂಕಿ ಉಗುಳುತ್ತಾನೆ. ಅವನು ಮೇಲಕ್ಕೆ ನೆಗೆದಾಗ ಕೆಳಗಿನಿಂದ ನುಸುಳಿ, ಹಿಂದಿರುವ ಕೊಡಲಿಯನ್ನು ಮುಟ್ಟಿದರೆ ಸೇತುವೆ ಕುಸಿಯುತ್ತದೆ. ಅಲ್ಲಿ ಗೆಲ್ಲಿಸುವುದು ತೋಳ್ಬಲವಲ್ಲ. ದೈತ್ಯನು ಯಾವಾಗ ನೆಗೆಯುತ್ತಾನೆಂದು ಕಾದು ನೋಡುವ ಕಣ್ಣು.

ಇಲ್ಲಿಯೇ ವಿಷಯದ ಕೀಲಿಯಿದೆ. ಬಾಸ್ ಎಷ್ಟೇ ಭಯಂಕರನಾಗಿರಲಿ, ಗೆಲ್ಲಲಾಗದವನಾಗಿ ಅವನನ್ನು ಯಾರೂ ರಚಿಸುವುದಿಲ್ಲ. ಹೊಡೆತಕ್ಕೆ ಮುನ್ನ ಅವನು ಭುಜವನ್ನು ಹಿಂದಕ್ಕೆಳೆಯುತ್ತಾನೆ, ಇಲ್ಲವೇ ಕಾಲನ್ನು ನೆಲಕ್ಕೆ ಅಪ್ಪಳಿಸುತ್ತಾನೆ, ಇಲ್ಲವೇ ಒಂದು ಕೂಗು ಹಾಕುತ್ತಾನೆ. ಅದು ಮುನ್ಸೂಚನೆ. ಮನುಷ್ಯನ ಕಣ್ಣು ಒಂದು ಸಂಜ್ಞೆಯನ್ನು ಕಂಡು ಬೆರಳು ಅದಕ್ಕೆ ಉತ್ತರ ಕೊಡುವುದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಹೊಡೆತವನ್ನೇ ನೋಡಿ ತಪ್ಪಿಸಿಕೊಳ್ಳಲು ಹೊರಟವನಿಗೆ ಸಮಯ ಸಾಲದು; ಮುನ್ಸೂಚನೆಯನ್ನು ಗುರುತಿಸಬಲ್ಲವನಿಗೆ ಸಮಯ ಸಾಕಷ್ಟಿದೆ. ಹೊಸಬನಿಗೆ ಮಿಂಚಿನಂತೆ ಕಾಣುವ ದೈತ್ಯನು ಪಳಗಿದವನಿಗೆ ನಿಧಾನವಾಗಿ ಚಲಿಸುವಂತೆ ಕಾಣುವುದು ಇದರಿಂದಲೇ. ದೈತ್ಯನು ಬದಲಾಗಿಲ್ಲ, ನೋಡುವವನು ಬದಲಾಗಿದ್ದಾನೆ.

ನಮ್ಮ ಮಹಾಭಾರತದ ಕಥೆಯಲ್ಲಿ ಜರಾಸಂಧನು ಇಂಥವನೇ. ಭೀಮಸೇನನಿಗೆ ಬಲದ ಕೊರತೆಯಿರಲಿಲ್ಲ. ಆದರೂ ಅವನು ಸೀಳಿ ಎಸೆದ ದೇಹದ ಎರಡು ಹೋಳುಗಳು ಮತ್ತೆ ಕೂಡಿಕೊಂಡು ಜರಾಸಂಧನು ಎದ್ದು ನಿಲ್ಲುತ್ತಿದ್ದನೆಂದು ಕಥೆಗಾರರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಶ್ರೀಕೃಷ್ಣನು ಕಡ್ಡಿಯೊಂದನ್ನು ಸೀಳಿ, ಹೋಳುಗಳನ್ನು ತಿರುವುಮುರುವಾಗಿ ಎಸೆದು ತೋರಿಸಿದ ಮೇಲೆಯೇ ಕಾಳಗ ಮುಗಿಯಿತು. ಅದೇ ತಪ್ಪನ್ನು ಇನ್ನಷ್ಟು ರಭಸದಿಂದ ಮಾಡಿದರೆ ಜಯ ದೊರೆಯುವುದಿಲ್ಲ. ತಪ್ಪು ಯಾವುದೆಂದು ತಿಳಿದರೆ ದೊರೆಯುತ್ತದೆ. ಹಂಪೆಯ ಮಂಟಪಗಳ ಕಲ್ಲುಹಾಸುಗಳ ಮೇಲೆ ಹುಲಿಕುರಿ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಆ ಆಟದಲ್ಲಿ ಕುರಿಗಳಿಗೆ ಹಾರಿ ಕೊಲ್ಲುವ ಶಕ್ತಿಯಿಲ್ಲ. ಒಂದೊಂದೇ ಮನೆಯನ್ನು ಮುಚ್ಚುತ್ತ ಹುಲಿಗಳಿಗೆ ಹೆಜ್ಜೆಯಿಡಲು ತಾವಿಲ್ಲದಂತೆ ಮಾಡುವುದೊಂದೇ ಅವುಗಳ ಉಪಾಯ. ಆದುದರಿಂದ ಬಲ್ಲಿದನನ್ನು ತಾಳ್ಮೆಯಿಂದ ಕಟ್ಟಿಹಾಕುವ ವಿದ್ಯೆ ನಮಗೆ ಹೊಸದಲ್ಲ.

ಸೋಲುಗಳ ನಡುವೆ ಮನಸ್ಸು ಹೇಗೆ ಕಲಿಯುತ್ತದೆ? ಶಿಕ್ಷಕ ತರಬೇತಿ ಪಡೆದವರೆಲ್ಲರೂ ಥಾರ್ನ್‌ಡೈಕ್ ಪಂಡಿತನ ಬೆಕ್ಕುಗಳನ್ನು ಬಲ್ಲರು. 1898ರಲ್ಲಿ ಪ್ರಕಟವಾದ ಆ ಪ್ರಯೋಗಗಳಲ್ಲಿ ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಆಹಾರವನ್ನಿಡುತ್ತಿದ್ದರು. ಬೆಕ್ಕು ಪರಚಿ, ಕಚ್ಚಿ, ಹಾರಾಡಿ, ಆಕಸ್ಮಿಕವಾಗಿ ಅಗುಳಿಯನ್ನು ಸರಿಸಿ ಹೊರಬರುತ್ತಿತ್ತು. ಮತ್ತೆ ಮತ್ತೆ ಒಳಗಿಟ್ಟಂತೆ ವ್ಯರ್ಥ ಚೇಷ್ಟೆಗಳು ಕಡಿಮೆಯಾಗಿ, ಹೊರಬರುವ ಕಾಲವೂ ಕ್ರಮೇಣ ತಗ್ಗುತ್ತಿತ್ತು. ಮನುಷ್ಯನು ಇದಕ್ಕೆ ವಿಚಾರವನ್ನು ಸೇರಿಸುವುದರಿಂದ ಬೆಕ್ಕಿಗಿಂತ ಬೇಗ ಕಲಿಯಬಲ್ಲನು. ಸಿಟ್ಟಿಗೆದ್ದಾಗ ಮಾತ್ರ ಅವನೂ ಪೆಟ್ಟಿಗೆಯ ಬೆಕ್ಕೇ ಆಗುತ್ತಾನೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ಉಪಯುಕ್ತವಾದುದು. 1897 ಮತ್ತು 1899ರಲ್ಲಿ ಬ್ರಯಾನ್ ಮತ್ತು ಹಾರ್ಟರ್ ಎಂಬಿಬ್ಬರು ಅಮೆರಿಕದ ವಿದ್ವಾಂಸರು ತಂತಿ ವರ್ತಮಾನ ಕಲಿಯುವವರ ಪ್ರಗತಿಯನ್ನು ಪರಿಶೀಲಿಸಿದರು. ವರ್ತಮಾನವನ್ನು ಗ್ರಹಿಸುವ ವೇಗವು ಕೆಲವು ಕಾಲ ಏರಿ, ಬಳಿಕ ವಾರಗಟ್ಟಲೆ ಒಂದೇ ಮಟ್ಟದಲ್ಲಿ ನಿಂತು, ಅನಂತರ ಮತ್ತೆ ಏರುತ್ತಿತ್ತು. ನಡುವಿನ ಆ ಚಪ್ಪಟೆ ಕಾಲವನ್ನು ಅವರು ಪ್ರಸ್ಥಭೂಮಿಗೆ ಹೋಲಿಸಿದರು. ಕಲಿಯುವವನಿಗೆ ಆ ಕಾಲದಲ್ಲಿ ತಾನು ನಿಂತಲ್ಲೇ ನಿಂತಿದ್ದೇನೆಂದು ತೋರುತ್ತದೆ. ಒಳಗೆ ಮಾತ್ರ ಬಿಡಿ ಅಕ್ಷರಗಳು ಕೂಡಿ ಪದಗಳಾಗುತ್ತಿರುತ್ತವೆ. ಬಹುಮಂದಿ ಕೈಚೆಲ್ಲುವುದು ಈ ಚಪ್ಪಟೆ ನೆಲದಲ್ಲಿಯೇ, ಏರು ಇನ್ನೇನು ಬರಲಿದೆಯೆನ್ನುವಾಗ. ಬೆರಳುಗಳ ಚಲನೆಯನ್ನು ಅಭ್ಯಾಸ ಮಾಡಿದವರು ಒಂದು ರಾತ್ರಿಯ ನಿದ್ದೆಯ ತರುವಾಯ, ಹೊಸ ಅಭ್ಯಾಸವಿಲ್ಲದೆಯೇ, ಹೆಚ್ಚು ಚುರುಕಾಗಿ ಮಾಡುವುದನ್ನೂ ಈಚಿನ ಪ್ರಯೋಗಗಳು ತೋರಿಸಿವೆ. ‘ಇಂದು ಮಲಗು, ನಾಳೆ ನೋಡೋಣ’ ಎಂಬ ಅಜ್ಜಿಯ ಮಾತಿಗೆ ಹೀಗೆ ಶಾಸ್ತ್ರದ ಬೆಂಬಲವೂ ದೊರೆತಂತಾಯಿತು.

ತಾಳ್ಮೆಗೆಟ್ಟಾಗ ಏನಾಗುತ್ತದೆಂಬುದಕ್ಕೆ ಆ ಸೀಳಿದ ಗಾಜೇ ಸಾಕ್ಷಿ. ಮೊಬೈಲು ಅವನ ತಾಯಿಯದು. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿರುವ ಹಿರಿಯ ಮಗನ ಧ್ವನಿಯನ್ನು ಆಕೆ ಕೇಳುವುದು ಅದರಲ್ಲಿಯೇ. ಗುಂಟೂರಿನ ಗುಡಿಸಲಿನಲ್ಲಿ ಒಂದು ರಾತ್ರಿ, ಶತ್ರುವಿಗೆ ಇನ್ನೊಂದೇ ಹೊಡೆತ ಸಾಕಿತ್ತೆನ್ನುವಾಗ ಸೋತು, ಹುಡುಗನು ಅದನ್ನು ನೆಲಕ್ಕೆ ಬಡಿದನಂತೆ. ಎಂಟು ದಿನ ಅದು ಕೆಲಸ ಮಾಡಲಿಲ್ಲ. “ಅವ್ವ ಬೈಲಿಲ್ರಿ ಸಾರ್. ದಿನಾ ಸಂಜಿಗೆ ಅದನ್ನ ಕೈಯಾಗ ಹಿಡಕೊಂಡು ಕೂಡ್ತಿದ್ಲು” ಎಂದು ಹೇಳುವಾಗ ಅವನ ಕಂಠ ಬಿಗಿದಿತ್ತು. ಬೈದಿದ್ದರೆ ಅವನು ಮರೆಯುತ್ತಿದ್ದನೋ ಏನೋ. ಆ ಮೌನವು ಅವನಿಗೆ ಕಲಿಸಿತು. ಅಂದಿನಿಂದ ಆಡುವ ಬಗೆಯನ್ನೇ ಬದಲಿಸಿದೆನೆಂದು ಹೇಳಿದನು. ಅವನು ಹೇಳಿದುದನ್ನೂ ನಾನು ವಿಚಾರಿಸಿ ತಿಳಿದುದನ್ನೂ ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಮೊದಲ ಕೆಲವು ಸರದಿಗಳನ್ನು ಗೆಲ್ಲುವುದಕ್ಕಾಗಿ ಆಡದೆ ನೋಡುವುದಕ್ಕಾಗಿ ಆಡಬೇಕು. “ಸುಮ್ಮನ ನಿಂತರ ನಮ್ಮಾವ ತಾನಾಗೇ ಹೊಡೆತ ತಡೀತಾನ್ರಿ. ಗುಂಡಿ ಒತ್ತಿ ಒತ್ತಿ ನಾನೇ ಕೆಡಿಸ್ತಿದ್ದೆ” ಎಂದು ಹುಡುಗನು ಹೇಳಿದ ಮಾತು ಚಿಕ್ಕದಲ್ಲ. ಎರಡನೆಯದಾಗಿ, ಸೋತ ಕೂಡಲೆ ಮತ್ತೆ ಧುಮುಕದೆ, ಯಾವ ಹೊಡೆತದಿಂದ ಬಿದ್ದೆನೆಂದು ತನಗೆ ತಾನೇ ಒಂದು ವಾಕ್ಯದಲ್ಲಿ ಹೇಳಿಕೊಳ್ಳಬೇಕು. ಹೇಳಲು ಬಾರದಿದ್ದರೆ ನೋಡಲಿಲ್ಲವೆಂದೇ ಅರ್ಥ. ಮೂರನೆಯದಾಗಿ, ಒಂದು ಸರದಿಗೆ ಒಂದೇ ಗುರಿ. ಈ ಸಲ ನೆಗೆತವನ್ನು ತಪ್ಪಿಸಿಕೊಂಡರೆ ಸಾಕು ಎಂದುಕೊಂಡವನಿಗೆ, ಕೊನೆಯಲ್ಲಿ ಸೋತರೂ, ಆ ಸರದಿ ಗೆಲುವೇ ಆಗುತ್ತದೆ. ನಾಲ್ಕನೆಯದಾಗಿ, ಶತ್ರುವು ಸೋಲುವ ಹೊತ್ತಿನಲ್ಲಿಯೇ ಹೆಚ್ಚು ಎಚ್ಚರವಿರಬೇಕು. ಇನ್ನೊಂದೇ ಹೊಡೆತವೆಂಬ ಆಸೆಯಿಂದ ಮುನ್ನುಗ್ಗಿ ಕೆಟ್ಟವರೇ ಬಹಳ. ಆತುರಗಾರನಿಗೆ ಬುದ್ಧಿ ಮಟ್ಟ. ಐದನೆಯದಾಗಿ, ಸರದಿಗಳ ಎಣಿಕೆಯನ್ನು ಆಟಕ್ಕೆ ಮುನ್ನವೇ ಗೊತ್ತುಮಾಡಬೇಕು. ಐದೆಂದರೆ ಐದೇ. ಸಿಟ್ಟು ಬಂದ ಮೇಲೆ ಎಷ್ಟು ಆಡಬೇಕೆಂದು ನಿರ್ಧರಿಸುವುದು ಸಿಟ್ಟೇ ಹೊರತು ನಾವಲ್ಲ. ಆರನೆಯದಾಗಿ, ಹಣ ಕೊಟ್ಟು ಹರಿತವಾದ ಆಯುಧವನ್ನು ಕೊಳ್ಳಿರೆಂದು ಆಟವು ಆಮಿಷ ತೋರಿಸುತ್ತದೆ. ಕೊಂಡವನು ಬಾಗಿಲನ್ನು ದಾಟಿಯಾನು, ಆದರೆ ವಿದ್ಯೆಯನ್ನು ಬಾಗಿಲಾಚೆಯೇ ಬಿಟ್ಟಿರುತ್ತಾನೆ.

ಏಳನೆಯದೊಂದುಂಟು. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ಹಿದೆತಾಕ ಮಿಯಾಝಾಕಿಯವರು ಕಠಿಣವಾದ ಬಾಸ್‌ಗಳಿಗೆ ಜಗತ್ಪ್ರಸಿದ್ಧರು. 2022ರ ಫೆಬ್ರವರಿಯಲ್ಲಿ ಬಂದ ಅವರ ‘ಎಲ್ಡನ್ ರಿಂಗ್’ ಆಟದಲ್ಲಿ ಮಾರ್ಗಿಟ್ ಎಂಬವನು ಕೋಟೆಯ ದಾರಿಯಲ್ಲಿ ಅಡ್ಡ ನಿಲ್ಲುತ್ತಾನೆ. ಹೊಸಬರು ಅವನೆದುರು ಪುನಃ ಪುನಃ ಬೀಳುತ್ತಾರೆ. ಆದರೆ ಅಲ್ಲಿಯೇ ತಲೆ ಚಚ್ಚಿಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಬೇರೆ ಬಯಲುಗಳಲ್ಲಿ ಸುತ್ತಾಡಿ, ಚಿಕ್ಕ ಶತ್ರುಗಳೊಡನೆ ಕಾದಾಡಿ, ಬಲಗೊಂಡು ಹಿಂದಿರುಗಬಹುದು. ಬಿಟ್ಟು ಹೋಗುವುದು ಬೇರೆ, ಮರಳಿ ಬರುವುದಕ್ಕಾಗಿ ಹೋಗುವುದು ಬೇರೆ.

ಇಷ್ಟನ್ನು ಬರೆದ ಮಾತ್ರಕ್ಕೆ ಮಕ್ಕಳ ಕೈಗೆ ಮೊಬೈಲು ಕೊಡಿರೆಂದು ನಾನು ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ನಿದ್ದೆಯನ್ನೂ ಕಣ್ಣನ್ನೂ ಬಯಲಾಟವನ್ನೂ ನುಂಗುವ ಆಟ ಯಾವುದೇ ಆಗಲಿ ಕೆಟ್ಟುದೇ. ಅದರಲ್ಲಿಯೂ ಹಣವನ್ನು ಪಣವಾಗಿಡುವ ಆಟಗಳ ಮಾತೇ ಬೇರೆ. ಬಾಸ್‌ನ ನಡೆಗೆ ನಿಯಮವಿದೆ, ಆದುದರಿಂದ ಸೋಲಿನಲ್ಲಿ ಪಾಠವಿದೆ. ಪಣದ ಆಟದಲ್ಲಿ ಕಳೆದುಕೊಂಡ ಹಣವನ್ನು ಮರಳಿ ಪಡೆಯುವೆನೆಂದು ಪಟ್ಟುಹಿಡಿಯುವುದು ತಾಳ್ಮೆಯಲ್ಲ, ವಿನಾಶ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಭಾರತದ ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿದುದನ್ನು ಪಾಲಕರು ನೆನಪಿನಲ್ಲಿಡಬೇಕು.

ಈಗ ಕಪ್ಪುಹಲಗೆಗೆ ಮರಳೋಣ. ಆಟವು ಹುಡುಗನಿಗೆ ಕೊಟ್ಟುದನ್ನು ನಾವು ಕೊಟ್ಟಿರಲಿಲ್ಲ. ಆಟದಲ್ಲಿ ಸೋತವನನ್ನು ನೋಡಿ ನಗುವ ತರಗತಿಯಿಲ್ಲ, ಕೆಂಪು ಶಾಯಿಯ ಅಡ್ಡಗೆರೆಯಿಲ್ಲ. ಬಿದ್ದ ಮರುಕ್ಷಣವೇ ಬಾಗಿಲು ಪುನಃ ತೆರೆಯುತ್ತದೆ. ಎಲ್ಲಿ ಬಿದ್ದೆನೆಂಬುದು ಕಣ್ಣಿಗೆ ಕಾಣುತ್ತದೆ. ಮರುದಿನ ನಾನು ಅವನೊಬ್ಬನನ್ನೇ ಕರೆದು, “ನಿನ್ನೆ ನೀನು ಯಾವ ಹೊಡೆತಕ್ಕೆ ಬಿದ್ದೆ, ನೋಡೋಣ” ಎಂದೆನು. ಏಳನೆಯ ಐದು ಭಾಗ ದೊಡ್ಡದೋ ನಾಲ್ಕನೆಯ ಮೂರು ಭಾಗ ದೊಡ್ಡದೋ ಎಂದು ಕೇಳಿದೆನು. ಒಂದು ಕಾಗದದ ಪಟ್ಟಿಯನ್ನು ಮಡಿಚಿ ನೋಡಿ, ನಾಲ್ಕನೆಯ ಮೂರು ಭಾಗವೇ ದೊಡ್ಡದೆಂದನು. “ಹಾಗಾದರೆ ಅದಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅದು ಕಡಿಮೆಯಾದುದು ಹೇಗೆ?” ಎಂದೆನು. ಅವನು ಬಹಳ ಹೊತ್ತು ನೋಡಿ, “ಇದು ಸೂಚನೆ ರೀ ಸಾರ್” ಎಂದು ನಕ್ಕನು. ತಪ್ಪು ಉತ್ತರವೇ ತನ್ನ ತಪ್ಪನ್ನು ಸಾರುತ್ತಿತ್ತು. ಹಿಂದಿನ ದಿನ ಅದನ್ನು ನೋಡುವ ಧೈರ್ಯ ಅವನಿಗೂ ಇರಲಿಲ್ಲ, ತೋರಿಸುವ ತಾಳ್ಮೆ ನನಗೂ ಇರಲಿಲ್ಲ.

ನಾವು ಎಂಟನೆಯ ತರಗತಿಯ ಲೆಕ್ಕವನ್ನು ಅಲ್ಲಿಯೇ ಬಿಟ್ಟು ಐದನೆಯ ತರಗತಿಯ ಮಗ್ಗಿಗೆ ಹೋದೆವು. ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಲಿತು ಹಿಂದಿರುಗಿದೆವು. ಮೂರಕ್ಕೂ ನಾಲ್ಕಕ್ಕೂ ಹನ್ನೆರಡು. ಎಂಟೂ ಒಂಬತ್ತೂ ಹದಿನೇಳು. ಹನ್ನೆರಡನೆಯ ಹದಿನೇಳು ಭಾಗ. ದಿನಕ್ಕೆ ಐದೇ ಲೆಕ್ಕ. ತಪ್ಪಿದಲ್ಲಿ ಪಕ್ಕದ ಅಂಕಣದಲ್ಲಿ ‘ಬಿದ್ದ ಕಾರಣ’ ಎಂದು ಅವನೇ ಒಂದು ವಾಕ್ಯ ಬರೆಯುವುದು. ವಾರ್ಷಿಕ ಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕಗಳು ಉತ್ತೀರ್ಣತೆಗೆ ಸಾಕಾಗುವಷ್ಟು ಮಾತ್ರ. ಆದರೆ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆದ ದಿನ ಅವನು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದನು.

ನಮ್ಮ ಗಡಿನಾಡಿನ ಮಗುವಿಗೆ ಬಾಗಿಲುಗಳು ಹೆಚ್ಚು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈಚೆ ಉಳಿದವು. ಅಂದಿನಿಂದ ಇಲ್ಲಿನ ಕನ್ನಡದ ಮಗು ಮನೆಯಲ್ಲಿ ಕನ್ನಡ, ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ತೆಲುಗು, ಮೇಲಣ ಓದಿಗೆ ಇಂಗ್ಲಿಷ್ ಎಂದು ಒಂದರ ಹಿಂದೊಂದು ಕಾವಲನ್ನು ದಾಟಬೇಕಾಗಿದೆ. ಅದರ ಮೇಲೆ ಮೂರು ತಿಂಗಳ ಗುಂಟೂರು. ಇಂಥ ಮಗುವಿಗೆ ‘ನಿನಗೆ ತಾಳ್ಮೆಯಿಲ್ಲ’ ಎಂದು ಹೇಳುವುದು ಅನ್ಯಾಯ. ಸೋತು ಪುನಃ ನಿಲ್ಲುವ ತಾವನ್ನು ಕೊಡುವುದು ನಮ್ಮ ಧರ್ಮ.

ಕೊನೆಯದಾಗಿ ಒಂದು ಸಂಗತಿ. ಅದೇ ‘ಎಲ್ಡನ್ ರಿಂಗ್’ ಆಟದಲ್ಲಿ ಮಲೇನಿಯಾ ಎಂಬ ವೀರಾಂಗನೆಯು ಎಲ್ಲರಿಗಿಂತ ಕಠಿಣಳೆಂದು ಹೆಸರಾದವಳು. 2022ರಲ್ಲಿ ಒಬ್ಬ ಆಟಗಾರನು ತಲೆಯ ಮೇಲೊಂದು ಮಡಕೆಯನ್ನು ಕವುಚಿಕೊಂಡು, ಕವಚವಿಲ್ಲದೆ, ಕೈಯಲ್ಲಿ ಎರಡು ಖಡ್ಗಗಳನ್ನು ಹಿಡಿದು, ‘ಅವಳನ್ನು ನಾನೊಬ್ಬನೇ ಎದುರಿಸುವೆ’ ಎಂಬರ್ಥದ ಹೆಸರನ್ನಿಟ್ಟುಕೊಂಡು, ಸೋತು ಸುಣ್ಣವಾದ ಅಪರಿಚಿತರ ಕರೆಗೆ ಓಗೊಟ್ಟು ಬರುತ್ತಿದ್ದನು. ಅವರ ಪರವಾಗಿ ಆಕೆಯನ್ನು ಸಾವಿರ ಸಲ ಸೋಲಿಸಿದನು. ಆಟದ ಪ್ರಕಾಶಕರು ಅವನಿಗೆ ನಿಜವಾದ ಖಡ್ಗವೊಂದನ್ನು ಕಾಣಿಕೆಯಾಗಿ ಕಳುಹಿಸಿ ಗೌರವಿಸಿದರು. ತಾನು ಕಲಿತ ತಾಳ್ಮೆಯನ್ನು ಅವನು ತನ್ನಲ್ಲಿಯೇ ಬಚ್ಚಿಟ್ಟುಕೊಳ್ಳಲಿಲ್ಲ.

ನಮ್ಮ ಸಂಘದ ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನ ಪ್ರಾರ್ಥನೆಯೂ ಇದೇ. ಯುಗಾದಿಯ ಹೊತ್ತಿಗೆ ವಲಸೆಯಿಂದ ಮರಳುವ ಮಕ್ಕಳ ಪಕ್ಕದಲ್ಲಿ ಸಂಜೆ ಒಂದು ಗಂಟೆ ಕುಳಿತುಕೊಳ್ಳಿರಿ. ಅವರ ಲೆಕ್ಕವನ್ನು ನೀವು ಮಾಡಿಕೊಡಬೇಡಿರಿ; ಎಲ್ಲಿ ಬಿದ್ದರೆಂದು ಕೇಳಿರಿ, ನಗಬೇಡಿರಿ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಮಗು ತಾಳುವಂತೆ ಅದರ ಪಕ್ಕದಲ್ಲಿ ತಾಳಿ ಕುಳಿತುಕೊಳ್ಳುವ ಹಿರಿಯನೊಬ್ಬನೂ ಬೇಕು. ಅಂದಹಾಗೆ, ಆ ಲಿಂಕ್ಸ್ ಎಂಬವನ ಗತಿ ಏನಾಯಿತೆಂದು ವಾಚಕರು ಕೇಳಬಹುದು. ನಾನೂ ಕೇಳಿದೆನು. “ನಲವತ್ತೊಂದನೇ ಸಲಕ್ಕ ಬಿದ್ದಾನ್ರಿ ಸಾರ್” ಎಂದು ಹುಡುಗನು ಉತ್ತರಿಸಿದನು. ಬಳಿಕ ಮೊಬೈಲನ್ನು ತಾಯಿಗೆ ಕೊಟ್ಟು, ಲೆಕ್ಕದ ಪುಸ್ತಕವನ್ನು ಬಿಚ್ಚಿದನು.